ತಾಲ್ಲೂಕು ಕಚೇರಿ ಎದುರು ಏಳು ಜೆರಾಕ್ಸ್ ಅಂಗಡಿ

ಉದ್ಯೋಗ ಕೊಡ್ತೀವಿ ಅಂತ ಯಾರು ಮೈಕ್ ಹಿಡಿದ್ರೂ ಮೊದಲು ಕೆಲಸ ಬರೋದು ನನಗೆ. ಅರ್ಜಿ, ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಎಲ್ಲದಕ್ಕೂ ಮೂರು ಮೂರು ಪ್ರತಿ. ಹೊಸನಗರದಲ್ಲಿ ತಾಲ್ಲೂಕು ಕಚೇರಿ ಎದುರಿಗೆ ಇಪ್ಪತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಕೊಂಡಿದ್ದೀನಿ. ಒಂದು ಮಿಷನ್ನು, ಒಂದು ಕಂಪ್ಯೂಟರ್ರು, ಒಬ್ಬಳು ನಾನು. ಮನೆ ಖರ್ಚು, ಮಗಳ ಓದು, ಎಲ್ಲ ಇದರಲ್ಲೇ ನಡೀಬೇಕು. ದೇಶದಲ್ಲಿ ನಿರುದ್ಯೋಗ ಇರೋವರೆಗೆ ನನ್ನ ಉದ್ಯೋಗಕ್ಕೆ ಏನೂ ತೊಂದ್ರೆ ಇಲ್ಲ ಅಂತ ನೆಮ್ಮದಿಯಾಗಿದ್ದೆ.

ಈ ಕತೆಯಲ್ಲಿ ಬರೋ ಪಕ್ಷದ ಹೆಸರು ಮಾತ್ರ ಹೇಳಲ್ಲ. ಹೇಳಿದ್ರೆ ಉಳಿದ ಪಕ್ಷದವ್ರು "ನಾವೇನು ಕಡಿಮೆ ಮಾಡಿದ್ವಾ?" ಅಂತ ಜಗಳಕ್ಕೆ ಬರ್ತಾರೆ.

ಹೊಸ ಪ್ರಣಾಳಿಕೆ

ಆ ಪಕ್ಷದ ತಾಲ್ಲೂಕು ಅಧ್ಯಕ್ಷರು ನನ್ನ ಹಳೇ ಗಿರಾಕಿ. ಬಿಳಿ ಅಂಗಿ, ಕಂಕುಳಲ್ಲಿ ಫೈಲು, ಯಾವಾಗ ನೋಡಿದ್ರೂ ಅವಸರ. ಚುನಾವಣೆ ಹತ್ತಿರ ಬಂದಾಗ ಒಂದಿನ ಪ್ರಣಾಳಿಕೆ ಹಿಡ್ಕೊಂಡು ಬಂದ್ರು.

"ಅಕ್ಕ, ಇದು ಹೊಸದಾಗಿ ಆಗ್ಬೇಕು, ಅರ್ಜೆಂಟು."

ನೋಡ್ತೀನಿ, ಕಳೆದ ಸಲದ್ದೇ! ಟೈಪ್ ಮಾಡಿದವಳೇ ನಾನು. 'ಮನೆಗೊಂದು ಉದ್ಯೋಗ' ಅನ್ನೋ ಸಾಲಿಗೆ ದಪ್ಪ ಅಕ್ಷರ ಹಾಕಿದ್ದೂ ನಾನೇ.

"ಏನೇನು ಬದಲಾಗ್ಬೇಕು?"

"ಮುಂದಿನ ಫೋಟೋ ಬದಲಾಯಿಸಿ, ಇಸವಿ ಬದಲಾಯಿಸಿ."

"ಒಳಗಿಂದು?"

"ಒಳಗಿಂದು ಹಾಗೇ ಇರ್ಲಿ ಅಕ್ಕ. ಒಂದನ್ನೂ ಬಳಸಿಲ್ಲ, ಹೊಸದರ ಹಾಗೇ ಇದೆ."

ಆರು ವರ್ಷದ ಅನುಭವ

ಗೆದ್ದ ಮೇಲೆ ಸಾಗರದಲ್ಲಿ ದೊಡ್ಡದೊಂದು ಉದ್ಯೋಗ ಮೇಳ ಮಾಡಿದ್ರು. ನಾನೂ ಗೂಡ್ಸ್ ಆಟೋದಲ್ಲಿ ಮಿಷನ್ ಹಾಕ್ಕೊಂಡು ಹೋಗಿ ಮೂಲೆಯಲ್ಲೊಂದು ಟೇಬಲ್ ಇಟ್ಟೆ. ಸುಳ್ಳು ಹೇಳಲ್ಲ, ಇಡೀ ಮೇಳದಲ್ಲಿ ಅತಿ ಉದ್ದದ ಸಾಲು ನನ್ನ ಟೇಬಲ್ಲಿನ ಮುಂದೆ ಇತ್ತು.

ನನ್ನ ಪಕ್ಕದ ಟೇಬಲ್ಲಲ್ಲಿ ಟೈ ಕಟ್ಟಿದ ಕಂಪನಿಯವ್ರು ಒಬ್ರು ಕೂತಿದ್ರು. ಹುಲಿಕಲ್ ಕಡೆಯ ಪದವೀಧರ ಒಬ್ಬ ಅವರ ಮುಂದೆ ನಿಂತ.

"ಎಕ್ಸ್‌ಪೀರಿಯೆನ್ಸ್ ಇದೆಯಾ?"

"ಇದೆ ಸರ್. ಆರು ವರ್ಷ."

ಕಂಪನಿಯವ್ರಿಗೆ ಖುಷಿಯಾಯ್ತು. "ಯಾವುದ್ರಲ್ಲಿ?"

"ಉದ್ಯೋಗ ಮೇಳದಲ್ಲಿ ಸರ್. ಯಾವ ಟೇಬಲ್ಲಲ್ಲಿ ಏನು ಕೇಳ್ತಾರೆ, ಯಾವ ಸಾಲಲ್ಲಿ ನಿಂತ್ರೆ ನೆರಳು ಸಿಗುತ್ತೆ, ಪಲಾವ್ ಎಷ್ಟೊತ್ತಿಗೆ ಖಾಲಿ ಆಗುತ್ತೆ, ಎಲ್ಲ ಗೊತ್ತು."

ಹಿಂದೆ ನಿಂತಿದ್ದ ಅಧ್ಯಕ್ಷರು ಇದನ್ನ ಕೇಳಿದ್ದೇ ಅವನ ಕೊರಳಿಗೆ 'ಸ್ವಯಂಸೇವಕ' ಅನ್ನೋ ಪಟ್ಟಿ ಹಾಕಿ ಸಾಲು ಸರಿ ಮಾಡೋಕೆ ಕಳಿಸಿದ್ರು. ಮೈಕಲ್ಲಿ ಕೂಗಿದ್ದೂ ಆಯ್ತು, "ಮೇಳ ಶುರುವಾಗಿ ಅರ್ಧ ಗಂಟೆ ಆಗಿಲ್ಲ, ಆಗಲೇ ಒಬ್ಬರಿಗೆ ಕೆಲಸ ಸಿಕ್ಕಿದೆ!"

ಸಂಜೆ ಅವನು ತಲೆ ಕೆರ್ಕೊಂಡು "ಸಂಬಳ ಏನಾದ್ರೂ..." ಅಂದ. ಅಧ್ಯಕ್ಷರು ಬೆನ್ನು ತಟ್ಟಿ ಹೇಳಿದ್ರು, "ಸಂಬಳ ಎಂಥದು ಮಾರಾಯ, ಮುಂದಿನ ಮೇಳಕ್ಕೆ ಏಳು ವರ್ಷದ ಅನುಭವ ಅಂತ ಬರ್ಕೋ!"

ಹನ್ನೆರಡು ಗೈಡುಗಳು

ಆಮೇಲೆ ಬಂತು ಕೌಶಲ್ಯ ತರಬೇತಿ. ತೀರ್ಥಹಳ್ಳಿಯಲ್ಲಿ ಒಂದು ತಿಂಗಳು ಪಾಠ ಹೇಳಿ ಹನ್ನೆರಡು ಜನರನ್ನ ಪ್ರವಾಸಿ ಗೈಡ್ ಮಾಡಿದ್ರು. ಅವರ ಗುರುತಿನ ಚೀಟಿ ಲ್ಯಾಮಿನೇಷನ್ ಮಾಡಿದ್ದು ನಾನೇ. ಹನ್ನೆರಡೂ ಜನರನ್ನ ಕೆಳದಿ ದೇವಸ್ಥಾನಕ್ಕೆ ಹಾಕಿದ್ರು. ಪಾಪ, ಪ್ರವಾಸಿಗರಿಗೆ ಯಾರೂ ತರಬೇತಿ ಕೊಟ್ಟಿರ್ಲಿಲ್ಲವಲ್ಲ, ಅವ್ರು ಬರ್ಲೇ ಇಲ್ಲ.

ಒಂದು ವಾರ ಕಟ್ಟೆ ಮೇಲೆ ಕೂತು ಕೂತು ಸೊಂಟ ಹಿಡ್ಕೊಂಡ ಮೇಲೆ ಕಾರೊಂದು ಬಂತು. ಒಬ್ರು ಇಳಿದ್ರು, ಕೊರಳಲ್ಲಿ ಕ್ಯಾಮೆರಾ. ಹನ್ನೆರಡು ಜನವೂ ಅವರ ಮೇಲೆ ಬಿದ್ದರು ನೋಡಿ! ಒಬ್ಬ ಚಪ್ಪಲಿ ಬಿಡೋ ಜಾಗ ತೋರಿಸಿದ, ಒಬ್ಬ ಬಲಗಡೆ ಕಂಬದ ಕತೆ ಹೇಳಿದ, ಇನ್ನೊಬ್ಬ ಎಡಗಡೆ ಕಂಬದ್ದು. ಮೇಲ್ಛಾವಣಿಯ ಗಂಡಭೇರುಂಡ ತೋರಿಸೋಕೆ ಒಂದೊಂದು ತಲೆಗೆ ಒಬ್ಬೊಬ್ಬರಂತೆ ಇಬ್ಬರು ನಿಂತ್ರು. ಪಕ್ಕದ ಮ್ಯೂಸಿಯಮ್ಮಿಗೆ ನಾಲ್ಕು ಜನ ಕೈ ಹಿಡ್ಕೊಂಡೇ ಕರ್ಕೊಂಡು ಹೋದ್ರು.

ಬಂದಿದ್ದು ಪ್ರವಾಸಿ ಅಲ್ಲ. ತರಬೇತಿ ಆದವ್ರಿಗೆ ಕೆಲಸ ಸಿಕ್ಕಿದೆಯೋ ಇಲ್ಲವೋ ಅಂತ ಲೆಕ್ಕ ನೋಡೋಕೆ ಬಂದ ಸಾಹೇಬ್ರು. ಅವರ ವರದಿ ಮೂರು ಪ್ರತಿ ಮಾಡೋಕೆ ನನ್ನ ಅಂಗಡಿಗೇ ಬಂತು, ಓದದೆ ಬಿಡ್ತೀನಾ? 'ಹನ್ನೆರಡೂ ಮಂದಿ ಒಂದು ನಿಮಿಷ ಬಿಡುವಿಲ್ಲದೆ ದುಡಿಯುತ್ತಿದ್ದಾರೆ. ಕೆಲಸದ ಒತ್ತಡ ನೋಡಿದರೆ ಇನ್ನೂ ಹನ್ನೆರಡು ಮಂದಿ ಅಗತ್ಯ.'

ನನ್ನ ಕೈಗುಣ

ಇಲ್ಲಿವರೆಗೆ ನಗೋದು ನನ್ನ ಪಾಳಿಯಾಗಿತ್ತು. ಇನ್ನು ಮೇಲೆ ನನ್ನ ಕತೆ.

ಪಕ್ಷ ಸ್ವಂತ ಉದ್ಯೋಗ ಯೋಜನೆ ಅಂತ ತಂತು. ಕೆಲಸ ಕೇಳಬೇಡಿ, ಕೆಲಸ ಕೊಡೋರಾಗಿ ಅಂತ ಘೋಷಣೆ. ಅರ್ಜಿ ಜೊತೆಗೆ ಏನು ಅಂಗಡಿ ಇಡ್ತೀರಿ, ಎಲ್ಲಿ ಇಡ್ತೀರಿ, ಹೇಗೆ ನಡೆಸ್ತೀರಿ ಅಂತ ಪ್ರಾಜೆಕ್ಟ್ ರಿಪೋರ್ಟ್ ಕೊಡ್ಬೇಕು. ಒಪ್ಪಿಗೆಯಾದ್ರೆ ದುಡ್ಡು ಕೈಗೆ ಕೊಡಲ್ಲ, ಅಂಗಡಿಗೆ ಬೇಕಾದ ವಸ್ತುವನ್ನೇ ಬ್ಯಾಂಕಿನವ್ರು ತರಿಸಿಕೊಡ್ತಾರೆ.

ಹೊಸನಗರ, ಸಾಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿಂದ ಜನ ನನ್ನ ಹತ್ರ ಬಂದ್ರು. ಕೋಣಂದೂರಿನ ಒಬ್ಬ ಹೆಂಗಸು ಹೊಲಿಗೆ ಅಂಗಡಿಗೆ ಬರೆಸಿದ್ಲು, ಬ್ಯಾಂಕ್ ಮ್ಯಾನೇಜರ್ ವಾಪಸ್ ಕಳಿಸಿದ್ರು. ಸಾಗರದವನೊಬ್ಬ ಕೋಳಿ ಸಾಕಣೆ ಅಂದ, ಅದೂ ವಾಪಸ್. ಹೀಗೆ ಎಂಟು ಜನರದ್ದೂ ವಾಪಸ್ ಬಂತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಎಂಥ ಬರೆದ್ರೂ ಒಪ್ಪಲ್ಲ ಅಂದ್ರೆ ಏನ್ರೀ ಇದು!" ಅಂತ ಕಂಪ್ಯೂಟರಲ್ಲಿ ಹುಡುಕಿದಾಗ ಒಂದು ರಿಪೋರ್ಟ್ ಸಿಕ್ತು. ಹಿಂದೆ ನಾನು ಹೊಸ ಮಿಷನ್ ತರೋಕೆ ಅದೇ ಬ್ಯಾಂಕಿಗೆ ಕೊಟ್ಟಿದ್ದು. ಒಂದು ಪ್ರಶ್ನೆ ಕೇಳದೆ ಪಾಸಾಗಿತ್ತು.

"ಮೊದಲು ಪಾಸಾಗ್ಲಿ, ಆಮೇಲೆ ಯಾವ ಅಂಗಡಿ ಬೇಕಾದ್ರೂ ಇಟ್ಕೊಳ್ಳಿ" ಅಂತ ಎಂಟು ಜನರಿಗೂ ಅದನ್ನೇ ಹೆಸರು, ತಂದೆ ಹೆಸರು ಬದಲಾಯಿಸಿ ಕೊಟ್ಟೆ. ಎಂಟೂ ಪಾಸು! ಎಲ್ರೂ ಬಂದು ಅಕ್ಕನ ಕೈಗುಣ ಅಂದ್ರು. ನಾನೂ ಉಬ್ಬಿಹೋದೆ.

ಹೆಸರು ಬದಲಾಯಿಸಿದವಳು ಉಳಿದಿದ್ದನ್ನ ಓದಿರ್ಲಿಲ್ಲ. ಒಂದು ಬೆಳಗ್ಗೆ ಅಂಗಡಿ ಬಾಗಿಲು ತೆಗೀತೀನಿ, ರಸ್ತೆಯ ಆಚೆ ಸಾಲಾಗಿ ತಗಡಿನ ಪೆಟ್ಟಿಗೆ ಅಂಗಡಿ ನಿಲ್ಲಿಸ್ತಾ ಇದ್ದಾರೆ. ಲಾರಿಯಿಂದ ಜೆರಾಕ್ಸ್ ಮಿಷನ್ ಇಳೀತಾ ಇದೆ. ಒಂದಾದ ಮೇಲೊಂದು, ಎಂಟು.

ಮ್ಯಾನೇಜರ್ ಹತ್ರ ಓಡಿದೆ. ಅವ್ರು ನಿಧಾನಕ್ಕೆ ಎಂಟು ಫೈಲು ತೆಗೆದು ನನ್ನ ಮುಂದೆ ಇಟ್ರು. ಎಂಟರಲ್ಲೂ ಸ್ಥಳ: ಹೊಸನಗರ, ತಾಲ್ಲೂಕು ಕಚೇರಿ ಎದುರು. ಎಂಟರಲ್ಲೂ ಕೊನೇ ಸಾಲು: 'ಸದರಿ ಸ್ಥಳದಲ್ಲಿ ಬೇರೆ ಯಾವುದೇ ಜೆರಾಕ್ಸ್ ಅಂಗಡಿ ಇರುವುದಿಲ್ಲವಾದ್ದರಿಂದ ಪೈಪೋಟಿಯ ಭಯವಿಲ್ಲ.'

"ಭಾಳ ಚೆನ್ನಾಗಿ ಬರೆದಿದೀರಿ ಅಕ್ಕಾವ್ರೆ" ಅಂದ್ರು ಮ್ಯಾನೇಜರ್ರು.

ಒಬ್ಬನಿಗೆ ಕೆಲಸ ಸಿಕ್ಕಿಬಿಟ್ಟಿತು

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕ್ಕೊಂಡಿದ್ದೆ. ಊರಿಗೊಬ್ಬಳೇ ಪದ್ಮಾವತಿ ಅನ್ನೋ ಹಾಗಿದ್ದ ನನ್ನ ಅಂಗಡಿ ಎದುರು ಎಂಟು ಅಂಗಡಿ ಬಂದ್ರೆ ಯಾರಿಗೆ ಯಾವ ಗಿರಾಕಿ? ಮಗಳ ಕಾಲೇಜು ಇನ್ನೂ ಎರಡು ವರ್ಷ ಇತ್ತು. ಆ ಎಂಟು ಜನರಿಗೂ ಸಂತೋಷ ಇರ್ಲಿಲ್ಲ. ಕೋಣಂದೂರಿನ ಹೆಂಗಸು ಬಂದು "ಅಕ್ಕ, ದಿನಾ ಬಸ್ಸಲ್ಲಿ ಬಂದು ಈ ಮಿಷನ್ ಒರೆಸಿಟ್ಟು ಹೋಗ್ಬೇಕಾ ನಾನು? ನಮ್ಮೂರಲ್ಲೇ ಇಡೋಕೆ ಬಿಡಲ್ವಂತೆ" ಅಂತ ಅತ್ತೇ ಬಿಟ್ಲು. ರಿಪೋರ್ಟಲ್ಲಿ ಇರೋ ಜಾಗ ಬದಲಾಯಿಸೋಕೆ ಮೇಲಿನಿಂದ ಹೇಳಿಸಬೇಕು ಅಂತ ಮ್ಯಾನೇಜರ್ ಹಟ ಹಿಡಿದಿದ್ರು.

ಅಷ್ಟರಲ್ಲಿ ಅಧ್ಯಕ್ಷರೇ ಬೆವರು ಒರೆಸ್ಕೊಂಡು ನನ್ನ ಅಂಗಡಿಗೆ ಬಂದ್ರು.

"ಅಕ್ಕ, ದೊಡ್ಡ ತಲೆಬಿಸಿ ಆಗಿದೆ. ಎಂಟು ಜನರಲ್ಲಿ ಒಬ್ಬನಿಗೆ ಶಿವಮೊಗ್ಗದಲ್ಲಿ ನಿಜವಾಗ್ಲೂ ಕೆಲಸ ಸಿಕ್ಕಿಬಿಟ್ಟಿದೆ! ಮಿಷನ್ ವಾಪಸ್ ಕೊಟ್ಟು ಹೋದ."

"ಒಳ್ಳೇದಾಯ್ತಲ್ಲ!"

"ಏನ್ ಒಳ್ಳೇದು! ನಾಡಿದ್ದು ನಮ್ಮ ನಾಯಕರು ಬಂದು ಎಂಟು ಅಂಗಡಿ ಉದ್ಘಾಟನೆ ಮಾಡ್ಬೇಕು. ಆಹ್ವಾನ ಪತ್ರಿಕೆ ನೀವೇ ಮಾಡಿದ್ದಲ್ವಾ, ಎಂಟು ಅಂತಾನೇ ಇದೆ. ಈಗ ಇರೋದು ಏಳು. ನೀವೊಂದು ಉಪಕಾರ ಮಾಡಿ. ಅವತ್ತು ಬಾಗಿಲು ಹಾಕಿ ಬೋರ್ಡ್ ತೆಗೀರಿ. ನಿಮ್ಮ ಅಂಗಡಿನೂ ಹೊಸದು ಅಂತ ಟೇಪು ಕಟ್ಟಿಬಿಡ್ತೀವಿ."

ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಅಂಗಡಿ! ನನಗೆ ಪಿತ್ತ ನೆತ್ತಿಗೇರ್ತು. ಬೈಯೋಕೆ ಬಾಯಿ ತೆಗೆದವಳು ತಕ್ಷಣ ನುಂಗ್ಕೊಂಡೆ. ಹಿಡಿಯೋಕೆ ಒಂದು ಜುಟ್ಟು ಕೈಗೆ ಬಂದಿತ್ತಲ್ಲ, ಬಿಡೋದುಂಟೇ?

"ಆಯ್ತು. ಆದ್ರೆ ಆ ಏಳು ಜನರಿಗೂ ಅವರವರ ಊರಲ್ಲಿ ಅಂಗಡಿ ಇಡೋಕೆ ನೀವು ಬ್ಯಾಂಕಿಗೆ ಹೇಳಿಸಿ ಕಾಗದ ತರ್ಬೇಕು. ಮೊದಲು ಕಾಗದ, ಆಮೇಲೆ ಟೇಪು."

ಮೂರು ವರ್ಷಕ್ಕೂ ಆಗದ ಕೆಲಸ ಮೂರು ಗಂಟೆಯಲ್ಲಿ ಆಯ್ತು ನೋಡಿ. ಕಾಗದ ಬಂತು. ಉದ್ಘಾಟನೆ ಮುಗಿದ ಮಾರನೇ ದಿನ ಏಳು ಅಂಗಡಿಯೂ ಅವರವರ ಊರಿಗೆ ಹೋಗ್ಬಹುದು ಅಂತ ಅದರಲ್ಲಿತ್ತು. ಕಾಗದ ಕೊಡೋವಾಗ ಅಧ್ಯಕ್ಷರು ಕೈ ಮುಗಿದ್ರು, "ಅಕ್ಕ, ನಿಮ್ಮ ಬಾಯಿ ಮಾತ್ರ ಜೋಪಾನ. ನಾಯಕರ ಎದುರು ಸುಳ್ಳು ಹೇಳಿ ಅಂತ ನಾನು ಹೇಳಲ್ಲ, ಆದ್ರೆ ನನ್ನ ಮರ್ಯಾದೆ ಕಳೀಬೇಡಿ."

ಎಂಟನೇ ಟೇಪು

ಅವತ್ತು ಹೂವಿನ ಹಾರ, ಡೊಳ್ಳು, ಮೈಕು. ನಾನು ಬೆಳಗ್ಗೆಯಿಂದ ನನ್ನದೇ ಅಂಗಡಿಯ ಹೊರಗೆ, ಬಾಗಿಲು ಹಾಕಿ, ಪೆಚ್ಚಾಗಿ ನಿಂತಿದ್ದೆ. ಹಳೇ ಗಿರಾಕಿಗಳು ಕಾಗದ ಹಿಡ್ಕೊಂಡು ಬಂದು "ಏನಕ್ಕ, ಅಂಗಡಿ ಮುಚ್ಚಿದ್ರಾ?" ಅಂತ ಕೇಳೋರು. ನಾಳೆ ಬನ್ನಿ ಅಂತ ವಾಪಸ್ ಕಳಿಸ್ತಾ ಇದ್ದೆ.

ನಾಯಕರು ಮಧ್ಯಾಹ್ನಕ್ಕೆ ಬಂದ್ರು. ಚಕಚಕ ಅಂತ ಏಳು ಟೇಪು ಕತ್ತರಿಸಿದ್ರು. ಎಂಟನೇದಕ್ಕೆ ನನ್ನ ಬಾಗಿಲಿಗೆ ಬಂದವರಿಗೆ ಕೊನೇದು ಹೆಂಗಸಿನ ಅಂಗಡಿ ಅಂತ ಗೊತ್ತಾಗಿ ವಿಶೇಷ ಪ್ರೀತಿ ಉಕ್ಕಿಬಂತು. ಕ್ಯಾಮೆರಾದವ್ರನ್ನ ಹತ್ರ ಕರೆದು ಮೈಕ್ ನನ್ನ ಬಾಯಿಗೆ ಹಿಡಿದ್ರು.

"ಹೇಳಮ್ಮ, ನಾಚಿಕೋಬೇಡ. ಎಷ್ಟು ದಿನದಿಂದ ಕೆಲಸ ಇಲ್ಲದೆ ಕಷ್ಟಪಡ್ತಾ ಇದ್ದೆ?"

ಅಧ್ಯಕ್ಷರ ಮುಖ ಬಿಳಿಚ್ಕೊಳ್ತು. ಕೋಣಂದೂರಿನ ಹೆಂಗಸು ಸೆರಗಿನ ತುದಿ ಬಾಯಿಗೆ ಇಟ್ಕೊಂಡು ನನ್ನನ್ನೇ ನೋಡ್ತಾ ಇದ್ಲು. ಸುಳ್ಳು ಹೇಳೋಕೆ ನನಗೆ ಬರಲ್ಲ. ನಿಜ ಹೇಳಿದ್ರೆ ಏಳು ಜನರ ಕಾಗದವೂ ಹೋಗುತ್ತೆ, ನನ್ನ ಅಂಗಡಿಯೂ ಹೋಗುತ್ತೆ. ಕೊನೆಗೆ ಹೇಳೇಬಿಟ್ಟೆ.

"ಇವತ್ತು ಬೆಳಗ್ಗೆಯಿಂದ, ಸ್ವಾಮಿ."

ಡೊಳ್ಳಿನವ್ರು ಕೂಡ ಕೋಲು ಎತ್ತಿದವ್ರು ಹಾಗೇ ನಿಂತ್ರು. ನಾಯಕರು ಮೈಕ್ ತಮ್ಮ ಕಡೆ ತಿರುಗಿಸ್ಕೊಂಡು, ಎಡಗೈ ಮೇಲೆತ್ತಿ, ತಾಲ್ಲೂಕು ಕಚೇರಿ ಕಿಟಕಿ ಅದುರೋ ಹಾಗೆ ಗುಡುಗಿದ್ರು:

"ಕೇಳಿದ್ರಾ ಬಂಧುಗಳೇ! ಬೆಳಗ್ಗೆ ಕೆಲಸ ಹೋದವರಿಗೆ ಮಧ್ಯಾಹ್ನವೇ ಕೆಲಸ ಕೊಡೋ ಪಕ್ಷ ಈ ದೇಶದಲ್ಲಿ ಬೇರೆ ಯಾವುದಿದೆ?"