ಹೊಸ ಸ್ಪೀಕರಿನಲ್ಲಿ ಹೆಂಡತಿಯ ದನಿ

ಕಾರಿನ ಮುಂದಿನ ಬಾಗಿಲಿನ ಸ್ಪೀಕರಿನ ಕಾಗದ ಹರಿದಿದ್ದು ಬರೀ ಒಂದು ಉಗುರಿನಷ್ಟು. ಅಷ್ಟಕ್ಕೇ ಆ ಮನೆಯಲ್ಲಿ ಹತ್ತೊಂಬತ್ತು ದಿನ ಮಾತು ನಿಂತುಹೋಗಿತ್ತು.

ಅದು ಹೋದ ವರ್ಷದ ಕತೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಡತಿಯನ್ನು ಊರಿನ ಪುಟ್ಟ ರೇಡಿಯೋ ಕೇಂದ್ರದವರು ಮೊದಲ ಸಲ ಮಾತಾಡಲು ಕರೆದಿದ್ದರು. ಗಂಡ ಡ್ಯೂಟಿಯ ನಡುವೆ ಮರದಡಿ ಕಾರು ನಿಲ್ಲಿಸಿಕೊಂಡು ರೇಡಿಯೋ ಹಾಕಿದ. ಕಾರಿನ ಜೊತೆಯಲ್ಲೇ ಬಂದ ಸ್ಪೀಕರು ಹನ್ನೊಂದು ವರ್ಷ ಬಿಸಿಲು ತಿಂದು ಒಣಗಿದ ಎಲೆಯ ಹಾಗಾಗಿತ್ತು. ನೆಗಡಿಯಾದ ಯಾವನೋ ಗಂಡಸು ಗೊಬ್ಬರದ ಬಗ್ಗೆ ಮಾತಾಡುತ್ತಿದ್ದಾನೆ ಎಂದುಕೊಂಡು ಒಂದೇ ನಿಮಿಷಕ್ಕೆ ಆಫ್ ಮಾಡಿದ. ಸಂಜೆ ಮನೆಗೆ ಹೋಗಿ ಹಾಗೆಯೇ ಹೇಳಿಯೂಬಿಟ್ಟ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೆಂಡತಿ ಒದೆಯಲಿಲ್ಲ, ಮಾತು ಬಿಟ್ಟಳು.

ದಿನ ಎಣಿಸಿದವನು ಅವನೇ. ಎಣಿಸುವುದು, ಅಳೆಯುವುದು, ತೂಗುವುದು ಅವನ ಹೊಟ್ಟೆಪಾಡು. ಅಂಗಡಿಗಳ ತೂಕದ ಯಂತ್ರ ಸರಿಯಿದೆಯೇ ಇಲ್ಲವೇ ಎಂದು ನೋಡಿ ಸೀಲು ಹಾಕುವ ಇನ್ಸ್‌ಪೆಕ್ಟರ್ ಆತ. ಬೀದಿಗೆಲ್ಲ ಅವನು ತಕ್ಕಡಿ. ನಿಜವಾದ ಹೆಸರು ಗುರುತಿನ ಚೀಟಿಗೂ ಅತ್ತೆಗೂ ಮಾತ್ರ ನೆನಪಿತ್ತು. ತನ್ನ ಕಣ್ಣು ಕಿವಿ ತಪ್ಪಿಸಿ ಒಂದು ಗುಲಗಂಜಿಯೂ ಆಚೀಚೆ ಆಗುವುದಿಲ್ಲ ಎಂಬುದು ಅವನ ನಂಬಿಕೆ. ಆದ್ದರಿಂದ ಹೆಂಡತಿಯ ದನಿ ಗುರುತು ಸಿಗದಿದ್ದುದರ ತಪ್ಪನ್ನು ಅವನು ಪೂರ್ತಿಯಾಗಿ ಸ್ಪೀಕರಿನ ತಲೆಗೆ ಕಟ್ಟಿದ್ದ.

ಈಗ ಕೇಂದ್ರದವರು ಮತ್ತೆ ಕರೆದಿದ್ದರು. ಹರಿದ ಪುಸ್ತಕಗಳಿಗೆ ತೇಪೆ ಹಾಕುವುದು ಹೇಗೆ ಎಂಬುದು ವಿಷಯ. ಹದಿನೈದು ನಿಮಿಷ, ನಾಲ್ಕು ಗಂಟೆಗೆ ನೇರ ಪ್ರಸಾರ.

"ಈ ಸಲ ತಪ್ಪನ್ನ ಸ್ಪೀಕರ್ ಮೇಲೆ ಹಾಕ್ಬೇಡಿ," ಎಂದಿದ್ದಳು ಹೆಂಡತಿ. "ಬಂದ್ಮೇಲೆ ಏನೇನು ಹೇಳ್ದೆ ಅಂತ ಒಂದೊಂದಾಗಿ ಕೇಳ್ತೀನಿ."

ಮನೆಯಲ್ಲಿ ಬೇರೆ ರೇಡಿಯೋ ಇರಲಿಲ್ಲ, ಫೋನಿನಲ್ಲಿ ಆ ಕೇಂದ್ರ ಸಿಗುತ್ತಿರಲಿಲ್ಲ. ತಕ್ಕಡಿ ಎರಡು ಹೊಸ ಸ್ಪೀಕರು ತರಿಸಿದ. ಮನೆಯಲ್ಲಿ ಮಂಜೂರಾದ ದುಡ್ಡಿಗೆ ಮುಂದಿನ ಎರಡು ಬಾಗಿಲಿಗೆ ಮಾತ್ರ ಆಗುತ್ತಿತ್ತು. ಹಿಂದಿನ ಸೀಟಿನವರಿಗೆ ಕೇಳಿಸದಿದ್ದರೆ ಯಾರ ಗಂಟು ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ಪೊಟ್ಟಣ ಬಂದದ್ದು ಮಾತ್ರ ಪ್ರಸಾರದ ದಿನ ಬೆಳಗ್ಗೆ. ಅರ್ಧ ದಿನ ರಜೆ ಹಾಕಿದ.

ಒಂದು ಗಂಟೆಗೆ ಹೆಂಡತಿ ಹೊರಟಳು. ಗ್ರಂಥಾಲಯಕ್ಕೆ ಹೊಸದಾಗಿ ಬಂದ ಸಹೋದ್ಯೋಗಿ ಸ್ಕೂಟರಿನಲ್ಲಿ ಕರೆದೊಯ್ಯಲು ಬಂದಿದ್ದಳು. ಹೆಲ್ಮೆಟ್ಟಿನೊಳಗಿಂದಲೇ ತಕ್ಕಡಿಗೆ ತಲೆಯಾಡಿಸಿದಳು. ಹೆಂಡತಿಗೆ ಗಾಬರಿ. ಬಾಗಿಲು ದಾಟುವಷ್ಟರಲ್ಲಿ ಮೂರು ಲೋಟ ನೀರು ಗಟಗಟ ಕುಡಿದಿದ್ದಳು.

"ನಾಕು ಗಂಟೆ," ಎಂದಳು ಗೇಟಿನಿಂದ.

"ಒಂದೇ ಗಂಟೆ ಕೆಲಸ," ಎಂದ ತಕ್ಕಡಿ.

ಬಾಗಿಲಿನ ಒಳಹಲಗೆ ಬಿಚ್ಚಬೇಕಾದರೆ ಮೊದಲು ಗಾಜು ಏರಿಸಿ ಇಳಿಸುವ ಹಿಡಿ ಬಿಚ್ಚಬೇಕು. ಆ ಹಿಡಿಯನ್ನು ಹಿಂದಿನಿಂದ ಒಂದು ಸಣ್ಣ ತಂತಿಯ ಕ್ಲಿಪ್ಪು ಹಿಡಿದುಕೊಂಡಿರುತ್ತದೆ. ಬಟ್ಟೆಯ ಅಂಚು ತೂರಿಸಿ ಮೆಲ್ಲಗೆ ಎಳೆದರೆ ಕ್ಲಿಪ್ಪು ತಾನಾಗಿ ಬರುತ್ತದೆ ಎಂದು ಅವನು ಓದಿದ್ದ. ತಾನಾಗಿಯೇ ಬಂತು. ಟಿಣ್ಣನೆ ಹಾರಿ, ಕೆನ್ನೆಯ ಪಕ್ಕದಲ್ಲೇ ಹೋಗಿ, ಚರಂಡಿಯಲ್ಲಿ ಬಿತ್ತು. ಇನ್ನೊಂದು ಬಾಗಿಲಿನದು ಎಲ್ಲಿ ಹೋಯಿತೆಂಬುದೇ ತಿಳಿಯಲಿಲ್ಲ. ಎರಡೂ ಗಾಜು ಮೇಲಿದ್ದವು, ಇನ್ನು ಅಲ್ಲೇ ಇರಬೇಕಾಯಿತು.

ಆ ಟಿಣ್ ಸದ್ದು ಮಹಡಿಯ ಮೇಲಿನ ಗಾರ್ಡಿಗೆ ಕೇಳಿಸಿತು. ಅವರು ನಿವೃತ್ತ ರೈಲ್ವೆ ಗಾರ್ಡ್. ಯಾರದೇ ಮನೆಯಲ್ಲಿ ಏನೇ ನಡೆದರೂ ಕೈ ಹಿಂದೆ ಕಟ್ಟಿಕೊಂಡು ನಿಂತು ಸಮಯ ಹೇಳದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

"ಒಂದು ಇಪ್ಪತ್ತೆರಡು," ಎಂದರು ಗಾರ್ಡ್, ಇಳಿದು ಬಂದು.

ಅವರ ಹಿಂದೆಯೇ ಬಾಮೈದ ಬಂದ, ಹೆಂಡತಿಯ ತಮ್ಮ. ಇವನ ಕಾರಿನಲ್ಲಿ ಹಾಡು ಹಾಕಿದರೆ ನಂಬರ್ ಪ್ಲೇಟು ಅಲ್ಲಾಡುತ್ತದೆ. ಭಾವನ ಎರಡು ಸ್ಪೀಕರನ್ನು ಕೈಯಲ್ಲಿ ತೂಗಿ ನೋಡಿ, ಇವು ಸಾಲವು, ಬಾಗಿಲು ಅದುರದಂತೆ ಡಾಂಬರಿನ ಹಾಳೆ ಮೆತ್ತಬೇಕು, ಸೀಟಿನ ಕೆಳಗೆ ಆಂಪ್ಲಿಫೈಯರ್ ಇಡಬೇಕು, ಬ್ಯಾಟರಿಯಿಂದ ಬೇರೆಯೇ ತಂತಿ ಎಳೆಯಬೇಕು ಎಂದು ಶುರು ಮಾಡಿದ. ನನಗೆ ಬೇಕಿರುವುದು ಹಾಡಲ್ಲ, ನಿನ್ನ ಅಕ್ಕನ ಹದಿನೈದು ನಿಮಿಷದ ಮಾತು ಎಂದ ತಕ್ಕಡಿ. ಅಕ್ಕನ ಮಾತಿಗೆ ಆಂಪ್ಲಿಫೈಯರ್ ಬೇಡ ಎಂದು ಬಾಮೈದನೂ ಒಪ್ಪಿದ.

ಹಲಗೆ ಕಿತ್ತಾಗ ಅದನ್ನು ಬಾಗಿಲಿಗೆ ಕಚ್ಚಿ ಹಿಡಿದಿದ್ದ ಒಂಬತ್ತು ಪ್ಲಾಸ್ಟಿಕ್ ಗುಬಟೆಗಳಲ್ಲಿ ಐದು ಮುರಿದವು. ಹಳೆಯ ಸ್ಪೀಕರು ಬಂತು. ಹೊಸದನ್ನು ಅದರ ತೂತಿಗೆ ಹಿಡಿದರೆ, ಸಣ್ಣ ಪಾತ್ರೆಗೆ ದೊಡ್ಡ ಮುಚ್ಚಳ ಇಟ್ಟ ಹಾಗೆ ಸುತ್ತಲೂ ಎರಡು ಬೆರಳು ಹೊರಗೆ ನಿಂತಿತು.

"ಅಳತೆ ತಗೊಂಡಿದ್ರಾ?" ಎಂದು ಗಾರ್ಡ್ ಕೇಳಿದರು.

ಊರಿಗೆಲ್ಲ ಅಳತೆ ನೋಡುವವನನ್ನು ಕೇಳುವ ಮಾತೇ ಇದು? ತಕ್ಕಡಿ ಅಳತೆ ತೆಗೆದುಕೊಂಡಿದ್ದ, ಮೂರು ಸಲ, ಇಲಾಖೆಯ ಟೇಪಿನಲ್ಲೇ. ಆದರೆ ಅವನು ಅಳೆದದ್ದು ಹಲಗೆಯ ಮೇಲೆ ಕಾಣುವ ಜಾಲರಿಯನ್ನು. ಅಷ್ಟಗಲದ ಜಾಲರಿಯ ಹಿಂದೆ ಇಷ್ಟು ಸಣ್ಣ ಸ್ಪೀಕರು ಇಟ್ಟು ಕಾರಿನ ಕಂಪನಿ ತನಗೆ ಹನ್ನೆರಡು ವರ್ಷ ಮೋಸ ಮಾಡಿತ್ತೆಂದು ಅವನಿಗೆ ನಿಜಕ್ಕೂ ಸಿಟ್ಟು ಬಂತು. ಅಂಗಡಿಯವನು ಹೀಗೆ ಮಾಡಿದ್ದರೆ ಸೀಲು ಕಿತ್ತು ಬರುತ್ತಿದ್ದ.

ಮರದ ಬಳೆ ಮಾಡಿ ತೂತಿನ ಮೇಲೆ ಕೂರಿಸಿ, ಅದರ ಮೇಲೆ ಸ್ಪೀಕರು ಕೂರಿಸಬೇಕು ಎಂದ ಬಾಮೈದ. ಎದುರು ಮನೆಯ ಬಡಗಿಯನ್ನು ಕರೆದರು. ಬಡಗಿ ಅವಸರ ಎಂಬ ಪದ ಕೇಳಿದವನೇ ಅಲ್ಲ. ತೂತನ್ನು ಏಳು ಸಲ ಅಳೆದ. ಬೇಕಾದ ದಪ್ಪದ ಹಲಗೆ ತನ್ನಲ್ಲಿಲ್ಲ ಎಂದ. ತಕ್ಕಡಿ ಒಳಗೆ ಹೋಗಿ ಅಡಿಗೆಮನೆಯ ತರಕಾರಿ ಹೆಚ್ಚುವ ಮಣೆ ತಂದು ಕೊಟ್ಟ. ಅದಕ್ಕೆ ಹೆಂಡತಿಗೆ ಏನು ಹೇಳುವುದೆಂಬ ಯೋಚನೆಯನ್ನು ನಾಳೆಗೆ ಎತ್ತಿಟ್ಟ.

"ಎರಡು ಐವತ್ತು," ಎಂದರು ಗಾರ್ಡ್.

ಮಣೆಯಿಂದ ಎರಡು ಬಳೆ ಬಂದವು. ಚಂದವಾಗಿಯೇ ಬಂದವು. ಸ್ಪೀಕರು ಕೂತವು. ಒಳಹಲಗೆ ಮಾತ್ರ ಈಗ ಮುಂದಕ್ಕೆ ಉಬ್ಬಿ ಹಲ್ಲುನೋವಿನ ಕೆನ್ನೆಯಂತಾಯಿತು. ಉಳಿದ ನಾಲ್ಕು ಗುಬಟೆಗೆ ಅದನ್ನು ಹಿಡಿಯಲಾಗದೆ, ಬಡಗಿ ಎರಡು ಮರದ ಸ್ಕ್ರೂ ಜಡಿದ.

ಮೂರು ಮುಕ್ಕಾಲಿಗೆ ರೇಡಿಯೋ ಹಾಕಿ ನೋಡಿದರು. ಸುದ್ದಿ ಓದುವವನು ಬಾವಿಯೊಳಗೆ ಕೂತು ಓದುತ್ತಿದ್ದ. ದನಿ ಮುಂದಿನಿಂದ ಬರುವ ಬದಲು ತಲೆಯ ಹಿಂದಿನಿಂದ ಬಂದಂತಿತ್ತು. ತಕ್ಕಡಿ ಗಡಿಯಾರ ನೋಡಿದ. ಇನ್ನು ಹದಿನೈದು ನಿಮಿಷದಲ್ಲಿ ಇದೇ ಬಾವಿಯೊಳಗಿಂದ ಹೆಂಡತಿ ಮಾತಾಡಿದರೆ, ಈ ಸಲ ಯಾವ ಸ್ಪೀಕರಿನ ಮೇಲೆ ಹಾಕುವುದು?

"ಒಂದರ ಪ್ಲಸ್ಸು ಮೈನಸ್ಸು ತಿರುಗಿದೆ," ಎಂದ ಬಾಮೈದ. ಅದು ನಿಜವೇ ಆಗಿತ್ತು. ಒಂದು ಸ್ಪೀಕರು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು, ಎಷ್ಟೋ ಮನೆಗಳ ಗಂಡಹೆಂಡಿರ ಹಾಗೆ. ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಆದರೆ ಬಾಮೈದ ರೇಡಿಯೋ ಆರಿಸದೆ ಮಾಡಿದ. ಎರಡು ತಂತಿ ಮುಟ್ಟಿಕೊಂಡು ಚಟ್ ಎಂದಿತು, ಸುದ್ದಿಯವನು ಬಾವಿಯಲ್ಲೇ ಮುಳುಗಿದ.

ಫ್ಯೂಸ್ ಹೋಗಿತ್ತು.

"ಮೂರು ಐವತ್ತೆಂಟು," ಎಂದರು ಗಾರ್ಡ್. ತಕ್ಕಡಿ ಅವರನ್ನು ನೋಡಿದ ನೋಟಕ್ಕೆ ರೈಲೇ ನಿಲ್ಲಬೇಕಿತ್ತು.

ಹಾರನ್ನಿನ ಫ್ಯೂಸ್ ಕಿತ್ತು ರೇಡಿಯೋಕ್ಕೆ ಹಾಕುವುದೆಂದಾಯಿತು. ಅದನ್ನು ಕೀಳಲು ಬಡಗಿಯ ಇಕ್ಕಳವೇ ಬೇಕಾಯಿತು. ಇಕ್ಕಳ ಎದುರು ಮನೆಯಿಂದ ಬರುವಷ್ಟರಲ್ಲಿ ನಾಲ್ಕು ದಾಟಿ ಮೂರು ನಿಮಿಷ. ನಾಲ್ವರೂ ಕಾರಿನೊಳಗೆ ತೂರಿ ಬಾಗಿಲು ಹಾಕಿಕೊಂಡರು. ಮುಂದಿನ ಗಾಜು ಇಳಿಯುವಂತಿರಲಿಲ್ಲ, ಹಿಂದಿನದನ್ನು ಬೀದಿಯ ಸದ್ದು ಬಾರದಿರಲೆಂದು ತಕ್ಕಡಿ ಇಳಿಸಗೊಡಲಿಲ್ಲ. ತಪಾಸಣೆಯ ಫಾರಮ್ಮಿನ ಬೆನ್ನಿಗೆ ಪೆನ್ನು ಹಿಡಿದು ರೇಡಿಯೋದ ಗುಂಡಿ ಒತ್ತಿದ.

"…ಮೊದಲು ಹರಿದ ಅಂಚನ್ನು ಬೆರಳಿನಿಂದ ಮೆಲ್ಲಗೆ ಸರಿ ಮಾಡಿ," ಎಂದಿತು ಒಂದು ಹೆಣ್ಣು ದನಿ.

ಎಂಥ ದನಿ! ಕರಕರ ಇಲ್ಲ, ಗೊರಗೊರ ಇಲ್ಲ. ಮಾತುಮಾತಿನ ನಡುವಿನ ಉಸಿರು ಕೂಡ ಕೇಳುತ್ತಿತ್ತು. ತಿಳಿನೀರಿನ ತಳದಲ್ಲಿ ಹರಳು ಕಂಡ ಹಾಗೆ ಒಂದೊಂದು ಅಕ್ಷರವೂ ಬೇರೆಯಾಗಿ ನಿಲ್ಲುತ್ತಿತ್ತು.

ಅಮ್ಮಾವ್ರ ದನಿ ಇಷ್ಟು ತೆಳುವಾಗಿರಲಿಲ್ಲ ಅಲ್ವಾ ಎಂದು ಬಡಗಿ ಹಿಂದಿನಿಂದ ಪಿಸುಗುಟ್ಟಿದ.

"ಅಕ್ಕನ ಒರಿಜಿನಲ್ ದನಿ ಇದು," ಎಂದ ಬಾಮೈದ. "ಮನೇಲಿ ಗೋಡೆಗೆ ಬಡಿದು ದಪ್ಪ ಆಗಿಬಿಡುತ್ತೆ. ಒಳ್ಳೆ ಸ್ಪೀಕರಲ್ಲಿ ಕೇಳಿದ್ರೇನೇ ನಿಜ ಗೊತ್ತಾಗೋದು."

ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಹೇಳಿದ ಮೇಲೆ ಕೇಳುವುದೇನು? ತಕ್ಕಡಿ ಹೌದೆಂದು ತಲೆಯಾಡಿಸಿ ಬರೆಯುತ್ತ ಹೋದ. ತೆಳು ಕಾಗದ, ಒಂದು. ಹಿಟ್ಟಿನ ಅಂಟು, ಎರಡು. ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡುವುದು, ಮೂರು. ಬೆವರು ಫಾರಮ್ಮಿನ ಮೇಲೆ ತೊಟ್ಟಿಕ್ಕಿ ಆರನೆಯದು ಕಲಸಿಹೋಯಿತು, ಮತ್ತೆ ಬರೆದ. ಕೊನೆಗೆ ಹನ್ನೊಂದನೆಯದು ಬಂತು.

"ಪುಸ್ತಕ ಮಾತ್ರವಲ್ಲ, ಹರಿದ ಯಾವುದನ್ನೂ ಎಸೆಯುವ ಮುಂಚೆ ಒಮ್ಮೆ ಯೋಚಿಸಿ. ನಮ್ಮ ಮನೆಯಲ್ಲೊಬ್ಬರಿದ್ದಾರೆ. ಅವರ ಕಾರಿನ ಸ್ಪೀಕರಿನ ಕಾಗದ ಉಗುರಿನಷ್ಟು ಹರಿದಿದೆ. ಇದೇ ತೆಳು ಕಾಗದ, ಇದೇ ಅಂಟು, ಹತ್ತು ನಿಮಿಷದ ಕೆಲಸ. ಅವರು ಹೊಸದೇ ತರಿಸಿದ್ದಾರೆ. ನಮಸ್ಕಾರ."

ಬಾಮೈದ ಕಿಟಕಿಯಾಚೆ ಕಟ್ಟೆಯ ಮೇಲಿದ್ದ ಹಳೆಯ ಸ್ಪೀಕರುಗಳನ್ನೇ ನೋಡುತ್ತಿದ್ದ. ಕೇಂದ್ರದವನು ಗಂಟಲು ಸರಿಮಾಡಿಕೊಂಡು, "ಇದುವರೆಗೆ ನೀವು ಕೇಳಿದ್ದು…" ಎಂದು ಶುರು ಮಾಡಿದ್ದ. ಇನ್ನು ಇವನ ಮಾತು ಯಾರಿಗೆ ಬೇಕು ಎಂದು ತಕ್ಕಡಿ ರೇಡಿಯೋ ಆರಿಸಿ ಬಾಗಿಲು ತೆರೆದು ಗಾಳಿಗೆ ಬಂದ. ಅವಮಾನವಾಗಿರಲಿಲ್ಲ, ಖುಷಿಯಾಗಿತ್ತು. ಊರಿಗೆಲ್ಲ ಕೇಳುವ ಹಾಗೆ ಹೆಂಡತಿ ತನ್ನ ಬಗ್ಗೆ ಮಾತಾಡಿದ್ದಳು, ಅದನ್ನು ತಾನು ಅಕ್ಷರ ಬಿಡದೆ ಕೇಳಿದ್ದ.

"ಬಹಳ ಚೆನ್ನಾಗಿತ್ತು," ಎಂದರು ಗಾರ್ಡ್ ಮುಖ ಒರೆಸಿಕೊಳ್ಳುತ್ತ. "ನಮ್ಮ ಮನೇಲೂ ಒಂದು ರೇಡಿಯೋ ಇದೆ, ಈ ಕೇಂದ್ರ ಚೆನ್ನಾಗೇ ಬರುತ್ತೆ. ನೀವು ಕಾರಲ್ಲೇ ಕೇಳ್ಬೇಕು ಅಂತಿದ್ರಲ್ಲ, ಸುಮ್ಮನಿದ್ದೆ."

ಬೇರೆ ದಿನವಾಗಿದ್ದರೆ ತಕ್ಕಡಿ ಅವರನ್ನು ಏನು ಮಾಡುತ್ತಿದ್ದನೋ. ಇವತ್ತು ನಕ್ಕುಬಿಟ್ಟ.

ಐದೂವರೆಗೆ ಸ್ಕೂಟರು ಬಂದು ಕಾರಿನ ಆಚೆ ಬದಿಗೆ ನಿಂತಿತು. ಹೆಂಡತಿ ಇಳಿದು ಬಂದಳು. ಕಣ್ಣು ಕೆಂಪಗಿತ್ತು, ಕರ್ಚೀಫು ಬಾಯಿಗೆ ಒತ್ತಿಕೊಂಡಿದ್ದಳು. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದು ತಕ್ಕಡಿ ತಿಳಿದ. ಅವಳು ಕೇಳುವುದಕ್ಕೂ ಬಿಡದೆ ಫಾರಮ್ಮು ಬಿಚ್ಚಿ, ಬೀದಿಯಲ್ಲೇ ನಿಂತು, ಹನ್ನೊಂದು ಅಂಶಗಳನ್ನೂ ಒಪ್ಪಿಸಿದ. ಒಂದೊಂದಕ್ಕೂ ಅವಳ ಮುಖ ಅರಳುತ್ತ ಬಂತು. ಆರನೆಯದಕ್ಕೆ ತಲೆಯಾಡಿಸಿದಳು. ಹನ್ನೊಂದನೆಯದಕ್ಕೆ ಕರ್ಚೀಫಿನ ಹಿಂದೆ ನಕ್ಕಳು, ಭುಜ ಸಣ್ಣಗೆ ಕುಲುಕಿತು. ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಕಡಿಮೆ.

ಹನ್ನೊಂದಕ್ಕೆ ನಿಲ್ಲಿಸಿದ್ದರೆ ಅವನು ಗೆದ್ದಿದ್ದ.

"ವಿಷಯ ಬಿಡು," ಎಂದ ತಕ್ಕಡಿ. "ಆ ದನಿ! ಮನೇಲಿ ಒಂದು ದಿನವಾದ್ರೂ ಆ ದನೀಲಿ ಮಾತಾಡಿದ್ದೀಯಾ? ದಿನಾ ಹಾಗೆ ಮಾತಾಡಿದ್ರೆ ನಾನು ಮನೆ ಬಿಟ್ಟು ಹೊರಗೇ ಹೋಗ್ತಿರಲಿಲ್ಲ. ಏನು ಮೆದು, ಏನು ಇಂಪು. ಬೇಕಾದ್ರೆ ನಿನ್ನ ತಮ್ಮನ್ನೇ ಕೇಳು."

ಅದೇ ನಿನ್ನ ಒರಿಜಿನಲ್ ದನಿ ಅಕ್ಕ ಎಂದ ಬಾಮೈದ. ಗಾರ್ಡ್, ಬಡಗಿ ಇಬ್ಬರೂ ಹೌದೆಂದರು. ಹೆಂಡತಿಯ ನಗು ಇದ್ದಲ್ಲೇ ನಿಂತಿತು.

ಆಗ ಕಾರಿನ ಕಡೆಯಿಂದ ಅದೇ ದನಿ ಬಂತು. ಮೆದುವಾಗಿ, ತಿಳಿಯಾಗಿ, ಉಸಿರು ಸಮೇತ: "ಅವರನ್ನ ಮಾತಾಡಿಸ್ಬೇಡಿ ಸರ್, ಸ್ವಲ್ಪ ನೀರು ಕೊಡಿ. ಮೂರೂವರೆಯಿಂದ ಬಿಕ್ಕಳಿಕೆ, ನಿಂತೇ ಇಲ್ಲ."

ನಾಲ್ವರೂ ಒಟ್ಟಿಗೇ ಕಾರಿನತ್ತ ತಿರುಗಿದರು. ರೇಡಿಯೋ ಆರಿಸುವುದು ಮರೆತಿದ್ದೇನೆ ಎಂದುಕೊಂಡು ತಕ್ಕಡಿ ಬಾಗಿಲು ತೆರೆದು ಕೈ ಹಾಕಿದ. ರೇಡಿಯೋ ಆರಿಯೇ ಇತ್ತು.

ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಸಹೋದ್ಯೋಗಿ ಕಾರಿನ ಹಿಂದಿನಿಂದ ಸುತ್ತಿ ಬಂದಳು. "ಎಲ್ಲಾ ಇವರೇ ಬರೆದಿದ್ದು ಸರ್. ನಾನು ಬರೀ ಓದಿದ್ದು. ಕೇಂದ್ರದವರು ಶುರುವಲ್ಲೂ ಕೊನೇಲೂ ಹೇಳಿದ್ರಲ್ಲ, ಕೇಳಿಸ್ಲಿಲ್ವಾ?"

ಹೆಂಡತಿ ಬಾಯಿಂದ ಕರ್ಚೀಫು ತೆಗೆದಳು. ಹಿಕ್ ಎಂದಿತು. ಅದು ಮಾತ್ರ ಅವಳದೇ ದನಿ, ತಕ್ಕಡಿಗೆ ತಕ್ಷಣ ಗುರುತು ಸಿಕ್ಕಿತು.

ದೊಡ್ಡ ಆಘಾತವಾದರೆ ಬಿಕ್ಕಳಿಕೆ ನಿಲ್ಲುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಅದೇ ಕೊನೆಯ ಬಿಕ್ಕಳಿಕೆ. ಅದರ ಜೊತೆಗೆ ಮಾತೂ ನಿಂತಿತು.

ಹಳೆಯ ಸ್ಪೀಕರುಗಳನ್ನು ಬಾಮೈದ ಒಯ್ದ. ಹನ್ನೊಂದನೆಯ ಅಂಶದ ಪ್ರಕಾರ ತೇಪೆ ಹಾಕಿಸಿಕೊಂಡು ಅವು ಅವನ ಕಾರಿನ ಹಿಂಬಾಗಿಲುಗಳಲ್ಲಿ ಲಕ್ಷಣವಾಗಿ ಹಾಡುತ್ತಿವೆಯಂತೆ. ತಕ್ಕಡಿಯ ಕಾರಿನಲ್ಲೂ ಈಗ ಲೋಕದ ಎಲ್ಲರ ದನಿ ಸ್ಪಷ್ಟವಾಗಿ ಕೇಳುತ್ತದೆ. ದಿನಾ ಬೆಳಗ್ಗೆ ಗ್ರಂಥಾಲಯದವರೆಗೆ ಹೆಂಡತಿಯನ್ನು ಬಿಡುವಾಗ ಪಕ್ಕದ ಸೀಟಿನಿಂದ ಮಾತ್ರ ಏನೂ ಕೇಳುವುದಿಲ್ಲ. ಇವತ್ತಿಗೆ ಇಪ್ಪತ್ತೆರಡು ದಿನ.