ಇವತ್ತೇ ಮರುದಿನದ ಸಾರು

“ವೈನಿ, ಎಲ್ಲಾರನೂ ಕರೀರಿ! ಅವ್ವನ್ನೂ ಕರೀರಿ! ಧಾರವಾಡದಾಗ ಇಲ್ಲೀತನಕ ಯಾರೂ ಮಾಡಿರದ್ದು ಮಾಡೀನಿ!”

ನನ್ನ ಮೈದುನ ವಾದಿರಾಜ ಊಟದ ಟೇಬಲ್ಲಿನ ಮುಂದೆ ನಿಂತು ಹೀಗೆ ಕೂಗಿದಾಗ ನಾನು ಒಳಗೆ ಬದನೆಕಾಯಿಗೆ ಮಸಾಲೆ ತುಂಬುತ್ತಿದ್ದೆ. ಕೈ ತೊಳೆಯದೆ ಓಡಿ ಬಂದೆ. ಅವನು ಹಾಗೆ ಕೂಗಿದಾಗಲೆಲ್ಲ ಮನೆಯಲ್ಲಿ ಏನಾದರೂ ಹಾರುತ್ತದೆ, ಇಲ್ಲವೇ ಸುಡುತ್ತದೆ. ಅವನು ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಹೋದ ವರ್ಷ ಬಟ್ಟೆ ಒಣಗಿಸುವ ಯಂತ್ರ ಮಾಡಿದ್ದ. ನಮ್ಮವರ ಧೋತರ ಅದರಿಂದ ಹಾರಿಹೋಗಿ ಪಕ್ಕದ ಮನೆಯ ತೆಂಗಿನ ಮರದ ತುದಿಯಲ್ಲಿ ಕೂತಿತ್ತು, ಮಳೆಗಾಲ ಮುಗಿಯುವ ತನಕ!

ಈ ಸಲ ಟೇಬಲ್ಲಿನ ಮೇಲೆ ಇದ್ದದ್ದು ಸ್ಲೋ ಕುಕರ್. ವಾದಿರಾಜನ ಹೆಂಡತಿ ಮಂದಾಕಿನಿಗೆ ತವರಿನವರು ಕೊಟ್ಟದ್ದು. ಒಳಗೆ ಪಿಂಗಾಣಿ ಬೋಗುಣಿ, ಹೊರಗೆ ತಗಡಿನ ಡಬ್ಬಿ, ಮೇಲೆ ಗಾಜಿನ ಮುಚ್ಚಳ. ಮಂದಾಕಿನಿ ಬ್ಯಾಂಕಿಗೆ ಹೋಗುವವಳು. ಬೆಳಿಗ್ಗೆ ಅದರಲ್ಲಿ ಮಡಿಕೆ ಕಾಳು ಹಾಕಿ ಹೋದರೆ ಸಂಜೆ ಬರುವಷ್ಟರಲ್ಲಿ ಬೆಂದಿರುತ್ತಿತ್ತು. ರುಚಿಯೂ ಇರುತ್ತಿತ್ತಂತೆ. ನಮ್ಮ ಅತ್ತೆಯವರು ಮಾತ್ರ, “ಮುಂಜಾನೆ ಇಟ್ಟಿದ್ದು ರಾತ್ರಿ ಉಣ್ಣಬೇಕೇನು? ಅಷ್ಟೊತ್ತಿಗೆ ನಾ ಇರ್ತೀನೋ ಇಲ್ಲೋ!” ಎಂದು ಅದನ್ನು ಅಟ್ಟಕ್ಕೆ ಹಾಕಿಸಿದ್ದರು. ನನಗೆ ಒಳಗೊಳಗೇ ಖುಷಿಯಾಗಿತ್ತು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಒಲೆ ನನ್ನದು. ಅದರ ಪಕ್ಕ ಇನ್ನೊಂದು ಡಬ್ಬಿ ಯಾಕೆ?

ಈಗ ಆ ಡಬ್ಬಿ ಅಟ್ಟದಿಂದ ಇಳಿದಿತ್ತು. ಮೈತುಂಬ ತಾಮ್ರದ ತಂತಿ ಸುತ್ತಿಕೊಂಡು, ಹೊಟ್ಟೆಗೊಂದು ಕಪ್ಪು ಗುಂಡಿ ಅಂಟಿಸಿಕೊಂಡು ಕೂತಿತ್ತು.

“ಪ್ರೆಶರ್ ಕುಕರ್ ಏನ್ ಮಾಡ್ತದ? ಗಡಿಬಿಡಿ. ಸ್ಲೋ ಕುಕರ್ ಏನ್ ಮಾಡ್ತದ? ತಡಾ. ನಾ ಏನ್ ಮಾಡೀನಿ ಅಂದ್ರ, ತಡಾನೇ ಗಡಿಬಿಡಿಲೆ ಮಾಡಿಸೀನಿ!” ಎಂದ ವಾದಿರಾಜ.

“ಮನಷ್ಯಾರಿಗೆ ತಿಳಿಯೋಹಂಗ ಹೇಳೋ,” ಎಂದರು ನಮ್ಮವರು.

“ಅಣ್ಣಾ, ಈ ಗುಂಡಿ ಬಲಕ್ಕ ತಿರುವಿದ್ರ ಬೋಗುಣಿ ಒಳಗ ಕಾಲ ಓಡತದ. ಒಳಗ ಒಂದ್ ಇಡೀ ದಿನಾ ಕಳೀತದ, ಹೊರಗ ಬರೇ ಕಾಲು ತಾಸು. ಕಟ್ಟಿನ ಸಾರು ಮಾಡಿದ ದಿನಾ ಛಲೋನೋ, ಮರುದಿನಾ ಛಲೋನೋ?”

ಇದನ್ನು ಕೇಳಬೇಕೆ! ಹೋಳಿಗೆಯ ಬೇಳೆ ಬಸಿದ ಕಟ್ಟಿನಿಂದ ಮಾಡುವ ಆ ಸಾರು ಮೊದಲ ದಿನ ಬರೀ ಸಾರು. ಒಂದು ರಾತ್ರಿ ಕಳೆದು, ಹುಳಿ, ಬೆಲ್ಲ, ಮಸಾಲೆ ಒಂದಕ್ಕೊಂದು ಹೊಂದಿಕೊಂಡ ಮೇಲೆಯೇ ಅದಕ್ಕೆ ನಿಜವಾದ ರುಚಿ.

ಮಂದಾಕಿನಿ ಕಟ್ಟು ಹಾಕಿದಳು. ಮಸಾಲೆಯನ್ನು ಕಣ್ಣಳತೆಯಲ್ಲಿ, ಅದೂ ತಪ್ಪು ಕಣ್ಣಳತೆಯಲ್ಲಿ ಹಾಕಿದಳು. ನಾನು ಬಾಯಿ ಬಿಡಲಿಲ್ಲ. ಕೆಡಲಿ, ನನಗೇನು! ಗುಂಡಿ ತಿರುಗಿತು. ಡಬ್ಬಿ ಸಂತೃಪ್ತ ಬೆಕ್ಕಿನ ಹಾಗೆ ಗುರುಗುಟ್ಟಿತು. ಕಾಲು ತಾಸಿಗೆ ಮುಚ್ಚಳ ತೆಗೆದರೆ, ಏನು ಹೇಳಲಿ, ಆ ವಾಸನೆಗೆ ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯವಳು ಗಾಡಿ ನಿಲ್ಲಿಸಿದಳು.

ಅತ್ತೆಯವರು ಬಟ್ಟಲು ಎತ್ತಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು.

“ಭೇಷ್!” ಎಂದರು.

ನನ್ನ ಎದೆಯಲ್ಲಿ ಯಾರೋ ಒಗ್ಗರಣೆ ಸೌಟು ಮುಳುಗಿಸಿದಂತಾಯಿತು. ಇಷ್ಟು ವರ್ಷ ಅವರ ಬಾಯಿಂದ ನಾನು ಕೇಳಿದ ದೊಡ್ಡ ಹೊಗಳಿಕೆ ಎಂದರೆ “ನಡೀತದ” ಎಂಬ ಒಂದೇ ಮಾತು. ಅದೂ ಹಬ್ಬದ ದಿನ! ಈ ತಗಡಿಗೆ ಭೇಷ್! ನಮ್ಮವರಂತೂ ಮೊಣಕೈತನಕ ಇಳಿದ ಸಾರನ್ನು ನೆಕ್ಕುತ್ತಿದ್ದರು.

“ನಾಚಿಕಿ ಇಲ್ಲೇನ್ರೀ?” ಎಂದೆ.

“ಅದ. ಆದ್ರ ಸಾರು ಭಾಳ ಛಲೋ ಅದ,” ಎಂದರು.

ಅಂದಿನಿಂದ ನನ್ನ ಒಲೆಯ ಬಳಿ ಯಾರೂ ಸುಳಿಯದಾದರು. ನಾನು ಎಣ್ಣೆಗಾಯಿ ಮಾಡಿದರೆ, “ಡಬ್ಬಿದಲ್ಲೇನು?” ಎಂದು ಕೇಳುವರು. ಅಲ್ಲವೆಂದರೆ ಮೊದಲು ಮುಖ ಬಾಡುವುದು, ಆಮೇಲೆ ಕೈ ಹಿಂದೆ ಸರಿಯುವುದು. ಅತ್ತೆಯವರು ಗದಗಿನ ತಂಗಿಗೆ ಫೋನು ಮಾಡಿ, “ಸಣ್ಣ ಸೊಸಿ ಕೈ ಭಾರೀ ಛಲೋ ಅದವಾ,” ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು, ದೊಡ್ಡ ಸೊಸೆಯ ಕೈಯ ಮಾತು ಬಂದೀತೇ ಎಂದು ಕಾಯುತ್ತಿದ್ದೆ. ಬಂದದ್ದು ಅವರ ಮೊಣಕಾಲು ನೋವಿನ ಮಾತು.

ಮಂದಾಕಿನಿಯಾದರೂ ಸ್ವಲ್ಪ ಬೀಗಿದ್ದರೆ ಜಗಳ ಮಾಡಬಹುದಿತ್ತು. ಅವಳೋ ದಿನಾ ನನ್ನ ಬಳಿ ಬಂದು, “ಅಕ್ಕಾರ, ನಿಮ್ಮ ಮಸಾಲಿ ಪುಡಿ ಒಂದ್ ಚಮಚಾ ಕೊಡ್ರಿ,” ಎಂದು ಕೇಳುವಳು. ನನ್ನ ಪುಡಿ, ಅವಳ ಡಬ್ಬಿ, ಡಬ್ಬಿಗೆ ಭೇಷ್! ರಾತ್ರಿ ಮಲಗಿದರೆ ಆ ಗುರುಗುರು ಸದ್ದು ನನ್ನ ಕಿವಿಯಲ್ಲೇ ಕೂತಂತಾಗುತ್ತಿತ್ತು.

ಅಷ್ಟರಲ್ಲಿ ಅತ್ತೆಯವರಿಗೆ ಎಪ್ಪತ್ತೈದು ತುಂಬುವ ದಿನ ಹತ್ತಿರ ಬಂತು. ಗದಗಿನಿಂದ, ಬಾಗಲಕೋಟೆಯಿಂದ ನೆಂಟರು ಬರುವವರು. ಹೋಳಿಗೆ ಊಟ. ಯಾರು ಅಡುಗೆ ಮಾಡುವುದು ಎಂದು ಯಾರೂ ಕೇಳಲೇ ಇಲ್ಲ, ಯಾಕೆಂದರೆ ಮನೆಯ ದೊಡ್ಡ ಅಡುಗೆಯೆಲ್ಲ ನನ್ನದೇ. ನಾನು ಬೇಳೆ ಆರಿಸುತ್ತ ಕೂತಿದ್ದೆ. ಆಗ ಅತ್ತೆಯವರು ಎಲೆ ಅಡಿಕೆ ಜಗಿಯುತ್ತ ಹೇಳಿದರು:

“ಇಂದೂ, ನೀ ಹೋಳಿಗಿ ಅಷ್ಟ ಮಾಡು. ಸಾರು ಡಬ್ಬಿ ಮಾಡಲಿ.”

ನಾನು ಅತ್ತುಬಿಡುತ್ತಿದ್ದೆ. ಅಳುವ ಬದಲು ವಾದಿರಾಜನ ಕಡೆ ತಿರುಗಿ ನಕ್ಕೆ. “ಮಾಡ್ಲಿ, ಮಾಡ್ಲಿ. ಆದ್ರ ಬರವ್ರು ನಲವತ್ತು ಮಂದಿ. ಆ ಗುಬ್ಬಿ ಬೋಗುಣಿಯೊಳಗ ಅವರ ಬೆರಳು ತೋಯಿಸಲಿಕ್ಕೂ ಸಾರು ಸಾಲಂಗಿಲ್ಲ!”

ವಾದಿರಾಜನ ಮುಖ ಕೆಂಪಾಯಿತು. “ವೈನಿ, ದೊಡ್ಡ ಕೊಳಗ ಎಲ್ಲಿ ಅದ?”

“ಮದುವಿದು, ತಾಮ್ರದ್ದು, ಅಟ್ಟದ ಮ್ಯಾಲ ಅದ. ನಿನಗ್ಯಾಕ?”

“ಯಾಕಂದ್ರ? ನೋಡ್ರೀಗ!” ಎಂದವನೇ ಅಟ್ಟ ಹತ್ತಿದ.

ಎರಡು ದಿನ ಅವನು ಕೊಳಗಕ್ಕೆ ತಂತಿ ಸುತ್ತುತ್ತ ಕೂತ, ಡಬ್ಬಿಯ ಗುಂಡಿಯನ್ನೂ ಕಿತ್ತು ಅದಕ್ಕೆ ಅಂಟಿಸಿದ. ಮಂದಾಕಿನಿ ರಜೆ ಹಾಕಿ ತಂತಿ ಹಿಡಿದಳು. ಕರೆಂಟು ಹೋದರೂ ಸಾರು ನಿಲ್ಲಬಾರದೆಂದು ಪಡಸಾಲೆಯ ಇನ್ವರ್ಟರಿನ ಬ್ಯಾಟರಿಯನ್ನೂ ಜೋಡಿಸಿದ. ಒಂದೇ ತೊಂದರೆ, ಕೊಳಗದ ಬಾಯಿಗೆ ಹೊಂದುವ ಮುಚ್ಚಳ ಮನೆಯಲ್ಲಿರಲಿಲ್ಲ. ಅದರ ಮೇಲೆ ಹಿಟ್ಟು ಕಲಸುವ ಅಗಲದ ಪರಾತ ಮಗುಚಿ ಹಾಕಿದ.

“ಸಂದಿ ಬಿದ್ದದಲ್ಲೋ,” ಎಂದೆ.

“ಸಂದಿ ಒಳಗಿಂದ ವಾಸನಿ ಅಷ್ಟ ಬರತದ ವೈನಿ, ಬ್ಯಾರೆ ಏನ್ ಬರತದ?”

ಬಂತು!

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅವನು ಗುಂಡಿ ತಿರುವಿದ. ಕೊಳಗ ಗುರುಗುಟ್ಟಲಿಲ್ಲ, ಬಸ್ಸಿನ ಹಾಗೆ ಗುಡುಗಿತು. ಮೊದಲು ಹೋದದ್ದು ಮೊಸರು. ಪಕ್ಕದಲ್ಲಿದ್ದ ಸಿಹಿ ಮೊಸರಿನ ಪಾತ್ರೆ ಕಣ್ಣೆದುರಿಗೇ ಹುಳಿಯಾಗಿ, ನೊರೆ ಎದ್ದು, ಬೂಷ್ಟು ಹಿಡಿಯಿತು. ಬಾಳೆಹಣ್ಣಿನ ಚಿಪ್ಪು ಕಪ್ಪಾಗಿ ಬುಟ್ಟಿಗೆ ಅಂಟಿತು. ಮಲ್ಲಿಗೆ ಮಾಲೆ ನಾರಾಯಿತು. ನಿನ್ನೆ ತಾನೇ ನಾನು ಹಾಕಿದ್ದ ಮಾವಿನಕಾಯಿ ಉಪ್ಪಿನಕಾಯಿ ಮಾತ್ರ ಒಂದು ವರ್ಷ ಕಳಿತು ಎಣ್ಣೆ ಬಿಟ್ಟು ಘಮಘಮಿಸಿತು.

“ಅರೆ, ಇದು ಛಲೋ ಆತಲ್ಲ!” ಎಂದು ನಮ್ಮವರು ಬಾಟಲಿ ಎತ್ತಿಕೊಳ್ಳಲು ಬಾಗಿದರು.

ಎದ್ದು ನಿಂತಾಗ ಅವರ ಕರ್ರನೆಯ ಕೂದಲಿನ ಬುಡದಲ್ಲಿ ಒಂದು ಗೇಣು ಬಿಳಿ ಬಂದಿತ್ತು! ಇಷ್ಟು ದಿನ ಗದಗಿನ ನೆಂಟರಿಗೆಲ್ಲ, “ನಮ್ಮ ವಂಶದಾಗ ಕೂದಲಾ ಬೆಳ್ಳಗ ಆಗಂಗಿಲ್ರಿ,” ಎಂದು ಹೇಳಿಕೊಂಡು ತಿರುಗಿದವರು!

“ಕಾಲ ಸೋರಲಿಕತ್ತದ!” ಎಂದು ವಾದಿರಾಜ ಗುಂಡಿಯ ಕಡೆ ಓಡಿದ. ಎರಡು ಹೆಜ್ಜೆಗೆ ಅವನ ಗಡ್ಡ ಎದೆಗೆ ಬಂತು, ಮೂರನೆಯದಕ್ಕೆ ಹೊಕ್ಕುಳಿಗೆ. ಗಡ್ಡ ಕಾಲಿಗೆ ತೊಡರಿ ಬಿದ್ದ. ಮಂದಾಕಿನಿ ಅವನ ಗಡ್ಡವನ್ನೇ ಹಿಡಿದು ಹೊರಗೆ ಎಳೆದಳು.

“ಮೇನ್ ಸ್ವಿಚ್ ಆರಿಸ್ರಿ!” ಎಂದು ಕಿರುಚಿದೆ.

“ಬ್ಯಾಟರಿ ಹಚ್ಚೀನಿ ವೈನಿ!” ಎಂದು ಅವನು ನೆಲದಿಂದಲೇ ಅತ್ತ.

ಇಷ್ಟರಲ್ಲಿ ಪರಾತ ಎದ್ದೆದ್ದು ಕುಣಿಯತೊಡಗಿತು. ದೇವರ ಮನೆಯಲ್ಲಿದ್ದ ಅತ್ತೆಯವರಿಗೆ ಸದ್ದು ಕೇಳಿಸಿತು. “ಏ ಹುಡುಗ್ಯಾರಾ, ಸಾರು ಉಕ್ಕಲಿಕತ್ತದ! ಎಲ್ಲಾರೂ ನಿಂತ್ಕೊಂಡು ನೋಡ್ತೀರಲ್ಲ!” ಎಂದು ಅವರು ಸೀದಾ ಕೊಳಗದ ಕಡೆ ನಡೆದೇಬಿಟ್ಟರು.

ಎಪ್ಪತ್ತೈದು ವರ್ಷದ ಜೀವ! ಮೊಸರಿಗೆ ಆದದ್ದು ಅವರಿಗಾದರೆ? ಡಬ್ಬಿಯ ಮೇಲಿನ ಹೊಟ್ಟೆಕಿಚ್ಚು, ಆ ಭೇಷ್, ಎಲ್ಲ ಮರೆತೇಹೋಯಿತು. ಓಡಿಹೋಗಿ ಅವರ ಸೆರಗು ಹಿಡಿದೆ.

“ಅತ್ಯಾ, ಹೋಗಬ್ಯಾಡ್ರಿ! ಸಾರು ಹೋದ್ರ ಹೋಗ್ಲಿ, ನೀವು ಹೋಗಬ್ಯಾಡ್ರಿ!”

“ಬಿಡಽ ಇಂದೂ! ನಲವತ್ತು ಮಂದಿ ಉಣ್ಣೋ ಸಾರು ನೆಲಕ್ಕ ಹೋಗಲೇನು?”

ಅವರು ಮುಂದಕ್ಕೆ ಎಳೆದರು, ನಾನು ಹಿಂದಕ್ಕೆ. ಆ ವಯಸ್ಸಿನಲ್ಲಿ ಅದೆಲ್ಲಿಯ ಬಲ! ಅವರ ಬೆನ್ನು ನನ್ನ ಕಣ್ಣೆದುರೇ ಬಾಗತೊಡಗಿತು. ನಾನು ಅಳುತ್ತ ಸೆರಗನ್ನು ಕೈಗೆ ಸುತ್ತಿಕೊಂಡೆ. ವಾದಿರಾಜ ಹಿತ್ತಲಿನಿಂದ ಪೇರಲಕಾಯಿ ಹರಿಯುವ ದೋಟಿ ತಂದ. ಉದ್ದನೆಯ ಬಿದಿರು, ತುದಿಗೆ ಕೊಕ್ಕೆ. ದೂರದಿಂದಲೇ ಗುಂಡಿಗೆ ಕೊಕ್ಕೆ ಹಾಕಿ ತಿರುವಿದ. ಬಿದಿರಿನ ತುದಿಗೆ ಹುಳ ಹತ್ತಿ ಪುಡಿಪುಡಿಯಾಗಿ ಉದುರುತ್ತಿತ್ತು.

ಗುಂಡಿ ತಿರುಗಿತು. ಆದರೆ ನಡುವೆ ನಿಲ್ಲಲಿಲ್ಲ, ಪೂರ್ತಿ ಎಡಕ್ಕೆ ಹೋಗಿಬಿಟ್ಟಿತು!

“ಅಯ್ಯಯ್ಯೋ, ಹಿಂದಕ್ಕ ಹೊಂಟದ!” ಎಂದ ವಾದಿರಾಜ.

ಠಪ್ಪೆಂದು ಸದ್ದಾಗಿ ಹೊಗೆ ಎದ್ದಿತು. ನಾನು ಹೆದರಿ ಹಿಂದಕ್ಕೆ ಜಿಗಿದೆ. ಆ ಜಿಗಿತವನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಹೊಗೆ ಕರಗಿತು. ಕೊಳಗದಲ್ಲಿ ಸಾರಿರಲಿಲ್ಲ. ಹಸಿ ಕಡಲೆಬೇಳೆ, ಹುಣಸೆಹಣ್ಣು, ಒಂದು ಅಚ್ಚು ಬೆಲ್ಲ ಒಣಗಿಕೊಂಡು ಕೂತಿದ್ದವು. ತಂತಿಯೆಲ್ಲ ಕರಗಿ ತಾಮ್ರದ ಗಟ್ಟಿಯಾಗಿತ್ತು. ಅದರ ಮುಂದೆ, ಸೊಂಟಕ್ಕೆ ಕೈಯಿಟ್ಟು, ಮೊಣಕಾಲತನಕ ಕಪ್ಪು ಜಡೆ ಬಿಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಹೆಚ್ಚೆಂದರೆ ಮೂವತ್ತೈದು ವರ್ಷ. ಕಣ್ಣು ಫಳಫಳ. ಬಾಯಿತುಂಬ ಹಲ್ಲು.

“ಏನ್ ಹಂಗ ನೋಡಲಿಕತ್ತೀರಿ?” ಎಂದಳು. ದನಿ ಕೇಳಿ ನಮಗೆ ನಾಲ್ವರಿಗೂ ಒಟ್ಟಿಗೆ ಗುರುತು ಸಿಕ್ಕಿತು. ಅತ್ತೆಯವರು!

“ಅವ್ವಾ?” ಎಂದರು ನಮ್ಮವರು. ಅವರ ತಲೆಯಲ್ಲಿ ಗೇಣುದ್ದ ಬಿಳಿ. ಅವರವ್ವನಿಗೆ ಒಂದು ಎಳೆಯೂ ಇಲ್ಲ!

ಅತ್ತೆಯವರು ಕನ್ನಡಿ ನೋಡಿದರು. ಕೆನ್ನೆ ಮುಟ್ಟಿಕೊಂಡರು. ಕುಕ್ಕರಗಾಲಿನಲ್ಲಿ ಕೂತರು, ಎದ್ದರು, ಮತ್ತೆ ಕೂತರು. “ಮೊಣಕಾಲು ನೋಯಂಗಿಲ್ಲ!” ಎಂದು ಚಪ್ಪಾಳೆ ತಟ್ಟಿದರು. ನಾನು ಅವರನ್ನು ತಬ್ಬಿಕೊಂಡು ಅತ್ತೆ. ಅವರು ಬದುಕಿದ್ದರಲ್ಲ, ಅಷ್ಟು ಸಾಕಿತ್ತು. ಆಮೇಲೆ ಅವರ ಸೊಂಟ ನನ್ನ ತೋಳಿನಲ್ಲಿ ಎಷ್ಟು ಸಣ್ಣದಾಗಿ ಹಿಡಿಸುತ್ತದೆಂದು ಗಮನಕ್ಕೆ ಬಂದು ಅಳು ತಾನೇ ನಿಂತಿತು. ನನಗೆ ದಕ್ಕಿದ್ದೇನು? ಸೆರಗು ಸುತ್ತಿಕೊಂಡಿದ್ದ ಬಲಗೈ ಮಾತ್ರ! ಮಣಿಕಟ್ಟಿನತನಕ ಹದಿನೆಂಟರ ಹುಡುಗಿಯ ಕೈ, ಅದರಾಚೆ ನನ್ನ ನಲವತ್ತೆಂಟು ವರ್ಷ!

“ಅಕ್ಕಾರ, ನಿಮಗ ಕೈ ಆದ್ರೂ ಸಿಕ್ತು,” ಎಂದಳು ಮಂದಾಕಿನಿ, ಹಲ್ಲು ಕಚ್ಚಿಕೊಂಡು. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಎಷ್ಟು ದಿನದ ಮೇಲೆ ನನಗೆ ಸ್ವಲ್ಪ ತಂಪೆನಿಸಿತು.

“ಮೈ ಅಷ್ಟ ಹಿಂದ ಹೋಗೇದ, ನೆನಪು ಹೋಗಿಲ್ಲ,” ಎಂದು ವಾದಿರಾಜ ಗಡ್ಡ ಕೆರೆದುಕೊಂಡ. ನಿಜ. ಮದುವೆಯಾದ ಹೊಸತರಲ್ಲಿ ನಾನು ಹಾಲು ಉಕ್ಕಿಸಿದ್ದೆಲ್ಲ ಅತ್ತೆಯವರಿಗೆ ಅಂದಿಗಿಂತ ಚೆನ್ನಾಗಿ ನೆನಪಿತ್ತು.

ಬಾಗಿಲಲ್ಲಿ ನೆಂಟರ ದನಿ ಕೇಳಿತು. ಸಾರಿಲ್ಲ! ಅತ್ತೆಯವರು ಜಡೆಯನ್ನು ತುರುಬು ಕಟ್ಟಿ, ಸೆರಗು ಸಿಕ್ಕಿಸಿಕೊಂಡು, ನನ್ನ ಒಲೆಯ ಮುಂದೆ ನಿಂತರು. “ಇಂದೂ, ಬೇಳಿ ಬಸಿ. ಮಂದಾ, ಕೊಬ್ಬರಿ ಹೆರಿ. ಸರೀರಿ ಆ ಕಡೆ!”

ಒಂದು ತಾಸಿಗೆ ಸಾರು ಇಳಿಯಿತು. ಡಬ್ಬಿ ಇಲ್ಲ, ಗುಂಡಿ ಇಲ್ಲ. ನಾನೂ ಮಂದಾಕಿನಿಯೂ ಬಚ್ಚಲ ಮನೆಯ ಸಂದಿಯಲ್ಲಿ ನಿಂತು ಒಂದೇ ಬಟ್ಟಲಿನಿಂದ ಕುಡಿದೆವು. ಆಕೆ ನನ್ನ ಮುಖ ನೋಡಿದಳು, ನಾನು ಅವಳ ಮುಖ.

“ಎಷ್ಟ್ ಛಲೋ ಆಗೇದ ಅಲ್ಲ ಅಕ್ಕಾರ?” ಎಂದಳು ಅಳುವ ದನಿಯಲ್ಲಿ.

“ಹೌದಽ. ಸಿಟ್ಟು ಬರೂ ಅಷ್ಟು ಛಲೋ ಆಗೇದ,” ಎಂದೆ.

ಗದಗಿನ ಚಿಕ್ಕಮ್ಮ ಊಟದ ನಡುವೆ ಅತ್ತೆಯವರನ್ನೇ ತಡೆದು, “ಯಾರ ಪೈಕಿ ನೀ? ನಮ್ಮ ಅಕ್ಕ ಎಲ್ಲಿ?” ಎಂದು ಕೇಳಿದರು. ಹೇಳಿದ ಮೇಲೆ ಅವರು ಉಣ್ಣುವುದನ್ನು ಬಿಟ್ಟು ಕೋಲೂರಿಕೊಂಡು ಹೋಗಿ ಆ ಖಾಲಿ ಕೊಳಗದ ಪಕ್ಕ ಕೂತರು. ಸಂಜೆಯ ಬಸ್ಸಿಗೂ ಏಳಲಿಲ್ಲ. ವಾದಿರಾಜ ಅಂದಿನಿಂದ ಹೊಸ ತಂತಿ ಸುತ್ತುತ್ತಲೇ ಇದ್ದಾನೆ. ಈವರೆಗೆ ಅವನಿಗೆ ಸಾಧ್ಯವಾಗಿರುವುದು ಬೆಂದ ಬೇಳೆಯನ್ನು ಹಸಿ ಮಾಡುವುದಷ್ಟೇ.

ಅತ್ತೆಯವರು ಅಡುಗೆಮನೆ ಬಿಟ್ಟುಕೊಟ್ಟಿಲ್ಲ. ಮೊನ್ನೆ ನನಗೆ ಸೊಂಟ ಹಿಡಿದಿತ್ತು. ಅವರೇ ಎಣ್ಣೆ ತಿಕ್ಕುತ್ತ, “ಹೆದರಬ್ಯಾಡ ಇಂದೂ, ನೀ ಮುದುಕಿ ಆದ ಮ್ಯಾಲ ನಿನ್ನ ನಾ ನೋಡ್ಕೋತೀನಿ,” ಎಂದು ಮಾತು ಕೊಟ್ಟಿದ್ದಾರೆ.