ಪೋಹೆ ಮಾಡದ ಕೇತಕಿ

ಮಧ್ಯಾಹ್ನ ಎರಡಕ್ಕೆ ಖಾರದ ತಿಂಡಿ ಮಿಸಳ ತಿನ್ನಲು ಸಿಗೋಣ ಎಂದು ನಿನಾದ ಬರೆದಾಗ ಕೇತಕಿ ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟಳು. ಅವನೋ ನಾಗಪುರದವನು, ಪುಣೆಗೆ ಹೊಸಬ. ಒಂದರಿಂದ ನಾಲ್ಕರವರೆಗೆ ಸದಾಶಿವ ಪೇಠೆಯ ಅಂಗಡಿಗಳು ನಿದ್ದೆ ಮಾಡುತ್ತವೆಂದು ಅವನಿಗೇನು ಗೊತ್ತು? ಅಲ್ಲೇ ಹುಟ್ಟಿ ಬೆಳೆದ ಕೇತಕಿಗೆ ಗೊತ್ತಿತ್ತು. ಆದರೆ ಮನಸ್ಸು ಕೊಟ್ಟವಳಿಗೆ ಗಡಿಯಾರ ನೆನಪಿರುತ್ತದೆಯೇ?

ಮೊಬೈಲಿನಲ್ಲಿ ಅವಳೇ ಹುಡುಕಿಕೊಂಡ ಹುಡುಗ ಅವನು. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವಳು ಎಂದೋ ಎಳ್ಳುನೀರು ಬಿಟ್ಟಿದ್ದಳು. ಬಂದ ಗಂಡುಗಳೆಲ್ಲ ಅವಳು ಒಗ್ಗರಿಸಿದ ಅವಲಕ್ಕಿ, ಅಂದರೆ ಕಾಂದಾ ಪೋಹೆ ತಿಂದು, "ಮನೇಲಿ ಕೇಳಿ ತಿಳಿಸ್ತೀವಿ" ಎಂದು ಚಪ್ಪಲಿ ಮೆಟ್ಟಿದವರೇ. ಒಬ್ಬನೂ ತಿಳಿಸಲಿಲ್ಲ. ಕೊನೆಯವನು ಮೆಟ್ಟಿಲಿಳಿದ ದಿನ ಅವಳು ಬಾಣಲೆ ಕುಕ್ಕಿ ಹೇಳಿದ್ದಳು: "ಇನ್ನು ಯಾವ ಗಂಡಸಿಗೂ ನಾನು ಪೋಹೆ ಮಾಡಲ್ಲ. ನಂಗೆ ಬೇಕಾದೋನ್ನ ನಾನೇ ನೋಡ್ಕೋತೀನಿ!"

ಮಿಸಳದ ಅಂಗಡಿಗೆ ಬೀಗ. ಪಕ್ಕದ ಚಹಾದಂಗಡಿಗೂ ಬೀಗ. ಇಬ್ಬರೂ ಅಂಗಡಿಯ ಕಟ್ಟೆಯ ಮೇಲೆ ನೆರಳಿನಲ್ಲಿ ಕೂತು ನಗುತ್ತಿದ್ದಾಗ, ಕೇತಕಿಯ ಮನೆಯಿದ್ದ ಮೇಲಿನ ಮಹಡಿಯಿಂದಲೇ ದನಿ ಬಿತ್ತು. ಪಕ್ಕದ ಮನೆಯವರು, ಬೀದಿಗೆಲ್ಲ ಚಿಕ್ಕಮ್ಮನಾದ ದಾಮಲೆ ಕಾಕು.

"ಯಾರೇ ಅದು ಕೇತಕೀ? ಪಾಪ, ಬಿಸಿಲಲ್ಲಿ ಬಾಡಿಹೋಗಿದಾನೆ. ಮೇಲೆ ಬಾರೋ ಬಾಳಾ, ಬಾ ಮಗೂ!"

"ಬೇಡ ಕಾಕು, ನಾವು ಹೊರಟ್ವಿ."

"ಎಲ್ಲಿಗೆ? ನಾಲ್ಕರ ತನಕ ಈ ಪೇಠೇಲಿ ಒಂದು ಲೋಟ ನೀರೂ ಹುಟ್ಟಲ್ಲ."

ಸ್ವಲ್ಪ ಹೊತ್ತಿನಲ್ಲೇ ನಿನಾದ ಕೇತಕಿಯ ಮನೆಯ ಸೋಫಾದಲ್ಲಿದ್ದ, ಎಡಕ್ಕೆ ಕಾಕು, ಬಲಕ್ಕೆ ಅವರ ಯಜಮಾನರು.

"ಗೋತ್ರ ಯಾವುದಪ್ಪಾ?"

"ಮನೆ ಸ್ವಂತದ್ದೋ, ಬಾಡಿಗೇದೋ?"

ಕೇತಕಿಯ ಅಮ್ಮ, ಅವಳ ಆಯಿ, ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು: "ಸ್ವಲ್ಪ ಪೋಹೆ ಮಾಡ್ಕೊಂಡು ಬಾರೇ."

"ಮಾಡಲ್ಲ."

"ಬಂದೋರ ಎದುರಿಗೆ ಮಾನ ಕಳೀಬೇಡ ಕಣೇ!"

"ಹಸಿವಾಗಿರೋದು ಅವನಿಗೆ, ಅವನೇ ಮಾಡ್ಕೊಳ್ಳಲಿ. ನಿನಾದ, ಅವಲಕ್ಕಿ ಎಡಗಡೆ ಡಬ್ಬೀಲಿದೆ."

ಗೋತ್ರದಿಂದ ಪಾರಾದರೆ ಸಾಕೆಂದು ನಿನಾದ ಅಂಗಿಯ ತೋಳು ಮಡಿಸಿ ಒಳಗೆ ಹೋದ. ಸಾಸಿವೆ ಸಿಡಿಯಿತು, ಈರುಳ್ಳಿಯ ಘಮ ಹೊರಗೆ ಬಂತು. ಆಮೇಲೆ ತಟ್ಟೆಗಳನ್ನು ಹಿಡಿದು, ತಲೆ ತಗ್ಗಿಸಿ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅವನೇ ಬಂದ.

"ನಡಿಗೆ ಪರವಾಗಿಲ್ಲ" ಎಂದರು ಕಾಕು.

"ಹಾಡು ಬರುತ್ತಾ?" ಎಂದರು ಯಜಮಾನರು.

ಕೇತಕಿ ಕಾಲ ಮೇಲೆ ಕಾಲು ಹಾಕಿ ಕೂತು ಒಂದು ತಟ್ಟೆ ಮುಗಿಸಿದಳು, ಮಾತಿಲ್ಲದೆ ಮತ್ತೆ ತಟ್ಟೆ ಮುಂದೆ ಚಾಚಿದಳು. ಎಷ್ಟೋ ವರ್ಷದ ಉರಿ ತಣ್ಣಗಾಗಿತ್ತು. ಗೆದ್ದೆ ಅನ್ನಿಸಿತು. ಆ ಹುಡುಗನೇ ತನಗೆ ಬೇಕು ಅಂತಲೂ ಅನ್ನಿಸಿತು.

ನಾಲ್ಕಕ್ಕೆ ಬೀದಿಯ ಅಂಗಡಿಗಳು ತೆರೆದವು. ನಿನಾದ ಎದ್ದ. ಕೇತಕಿ ಬಾಗಿಲ ತನಕ ಬಂದಳು.

"ಭಾನುವಾರ ಸಿನಿಮಾಕ್ಕೆ ಹೋಗೋಣ್ವಾ?" ಎಂದಳು.

ಅವನು ಬೂಟಿನ ದಾರ ಕಟ್ಟಿಕೊಂಡ. "ನೀನು ಎರಡು ಸಲ ಪೋಹೆ ಹಾಕಿಸ್ಕೊಂಡೆ. ಹೇಗಿದೆ ಅಂತ ಒಂದು ಮಾತೂ ಹೇಳ್ಲಿಲ್ಲ." ಆಮೇಲೆ ತುಂಬ ವಿನಯದಿಂದ ಅಂದ: "ಮನೇಲಿ ಕೇಳಿ ತಿಳಿಸ್ತೀನಿ."

ಮೆಟ್ಟಿಲುಗಳ ಮೇಲೆ ಅವನ ಸದ್ದು ಇಳಿಯುತ್ತಾ ಹೋಯಿತು. ಕೇತಕಿ ಬಾಗಿಲಲ್ಲೇ ನಿಂತು ಕೆಳಗೆ ನೋಡಿದಳು.

"ಏನಂದನೇ?" ಹಿಂದಿನಿಂದ ಕಾಕು.

"ತಿಳಿಸ್ತಾನಂತೆ."

ಆಯಿ ತಲೆಯ ಮೇಲೆ ಕೈಹೊತ್ತು ಕೂತರು. ಕಾಕು ಮಾತ್ರ ಸೋಲುವವರಲ್ಲ. "ಹೋಗ್ಲಿ ಬಿಡು, ನಮ್ಮಣ್ಣನ ಮಗ ಒಬ್ಬನಿದಾನೆ. ನಾಳೆ ಬರೋಕೆ ಹೇಳ್ಲಾ?"

ಕೇತಕಿ ಕಣ್ಣೊರೆಸಿಕೊಂಡು ಸೊಂಟಕ್ಕೆ ಕೈಯಿಟ್ಟಳು.

"ಹೇಳಿ ಕಾಕು. ಒಗ್ಗರಣೆ ಹಾಕೋಕೆ ಬರುತ್ತಾ ಅಂತ ಮೊದಲು ಕೇಳಿ."